ಒತ್ತಿ ನೋಡದ ತಂತಿ

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಲಕ್ಕಪ್ಪನವರ ರಿಪೇರಿ ಅಂಗಡಿ. ಹಾರ್ಮೋನಿಯಂ, ತಂಬೂರಿ ಅವರ ಕಸುಬು. ಆರ್ಕೆಸ್ಟ್ರಾಗಳು ಹೆಚ್ಚಾದ ಮೇಲೆ ಎಲೆಕ್ಟ್ರಿಕ್ ಗಿಟಾರುಗಳನ್ನೂ ನೋಡತೊಡಗಿದರು.

1998ರಲ್ಲಿ ಚನ್ನಪ್ಪನವರ ಆರ್ಕೆಸ್ಟ್ರಾದ ಗಾಯಕಿ ಶ್ಯಾಮಲಾ ಅವರಿಗೆ ಗಂಟಲಿನ ಆಪರೇಷನ್ ಆಗಿ ಧ್ವನಿ ಇಳಿಯಿತು. ಹಾಡುಗಳ ಶ್ರುತಿಯನ್ನೂ ಇಳಿಸಬೇಕಾಯಿತು. ಕೀಬೋರ್ಡಿನಲ್ಲಿ ಅದು ಒಂದು ಗುಂಡಿಯ ಕೆಲಸ. ಗಿಟಾರಿನ ಮನು ಬೆರಳಿನ ಜಾಗ ನೆನಪಿಟ್ಟು ಕಲಿತವನು. ಜಾಗ ಬದಲಾದರೆ ನುಡಿಸಲಾರ. ಹಾಗಾಗಿ ತಂತಿಗಳನ್ನೇ ಇಳಿಸಿದ. ತೆಳು ತಂತಿ ಸಡಿಲಾಗಿ ಜರ್ರೆಂದಿತು.

ಲಕ್ಕಪ್ಪ ಬೆಂಗಳೂರಿನಿಂದ ದಪ್ಪ ತಂತಿ ತರಿಸಿ ಹಾಕಿದರು. ಒಂದೊಂದನ್ನೇ ಮೀಟಿ ಹಾರ್ಮೋನಿಯಂ ಸ್ವರಕ್ಕೆ ಕೂಡಿಸಿದರು. ತಂಬೂರಿಯ ತಂತಿಯನ್ನು ಯಾರೂ ಬೆರಳಿನಿಂದ ಒತ್ತುವುದಿಲ್ಲ. ಮೀಟಿದಾಗ ಸರಿಯಿದ್ದರೆ ಮುಗಿಯಿತು. ಮೂವತ್ತು ವರ್ಷದ ಆ ರೂಢಿಯಲ್ಲೇ ಗಿಟಾರನ್ನೂ ಒತ್ತಿ ನೋಡದೆ ಕೊಟ್ಟರು.

ಗೆಂಡೆಹಳ್ಳಿಯ ಗಣೇಶೋತ್ಸವದಲ್ಲಿ ಮನುವಿನ ಬೆರಳು ಗಿಟಾರಿನ ಮೇಲಿನ ಸ್ವರಗಳ ಮನೆಗಳಿಗೆ ಹೋದಂತೆ ಸ್ವರ ಇರಬೇಕಾದ್ದಕ್ಕಿಂತ ಏರಿತು. ಗಿಟಾರಿಗೆ ಕಿವಿಗೊಟ್ಟು ಹಾಡುತ್ತಿದ್ದ ಶ್ಯಾಮಲಾ ಅದರ ಜೊತೆಗೇ ಏರಿದರು. ಕೀಬೋರ್ಡ್ ಕೆಳಗೇ ಉಳಿಯಿತು.

"ಯಾವೂರ್ ಬಸ್ ಹತ್ತಿದ್ಯಕ್ಕಾ, ಕೀಬೋರ್ಡ್ನೋನು ಇಲ್ಲೇ ಅವ್ನೆ!" ಮುಂದಿನ ಸಾಲಿನಿಂದ ಒಬ್ಬ ಕೂಗಿದ. ಜನ ನಕ್ಕರು.

"ಆಪರೇಷನ್ ಆದ್ಮೇಲೆ ಇವರ ಕಿವೀನೂ ಹೋಯ್ತು ಕಣ್ರೀ" ಎಂದರು ಚನ್ನಪ್ಪ. ಕಾರ್ಯಕ್ರಮ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಲಕ್ಕಪ್ಪನವರಿಗೆ ಗಿಟಾರಿನ ಮೇಲೆ ಆಗಲೇ ಅನುಮಾನ ಬಂದಿತ್ತು.

ಮರುದಿನ ಗಿಟಾರ್ ತರಿಸಿಕೊಂಡು, ತಂತಿಯನ್ನು ನಟ್ಟನಡುವೆ ಒತ್ತಿ ಮೀಟಿದರು. ಸ್ವರ ಇರಬೇಕಾದ್ದಕ್ಕಿಂತ ಮೇಲಿತ್ತು. ದಪ್ಪ ತಂತಿ ಒತ್ತಿದಾಗ ಹೆಚ್ಚು ಬಿಗಿಯಾಗಿ ಸ್ವರ ಏರುತ್ತದೆ. ಅದಕ್ಕೆ ಕೊಂಚ ಹೆಚ್ಚು ಉದ್ದ ಬೇಕು. ತಂತಿಯ ಬುಡದ ಬ್ರಿಡ್ಜಿನ ಸ್ಕ್ರೂ ತಿರುಗಿಸಿ, ತಂತಿ ಕೂರುವ ತುಂಡುಗಳನ್ನು ಹಿಂದಕ್ಕೆ ಸರಿಸಿದರು. ಅರ್ಧ ಗಂಟೆಯ ಕೆಲಸ. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಬೇಲೂರಿನಲ್ಲಿ, ಇಳಿಸಿದ್ದ ಅದೇ ಶ್ರುತಿಗೆ, ಶ್ಯಾಮಲಾ ಬದಲಿಗೆ ಕರೆಸಿದ ಹೊಸ ಗಾಯಕಿ ಹಾಡಿದರು. ಎಲ್ಲ ಕೂಡಿಬಂತು. "ನೋಡಿದ್ರಾ, ತಪ್ಪು ಯಾರ್ದು ಅಂತ?" ಎಂದರು ಚನ್ನಪ್ಪ. ಗುಟ್ಟಾಗಿ ಮಾಡಿದ ರಿಪೇರಿಯೇ ಶ್ಯಾಮಲಾ ವಿರುದ್ಧ ಸಾಕ್ಷಿಯಾಯಿತು. ಅವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಆರು ವರ್ಷದ ನಂತರ ಶ್ಯಾಮಲಾ, ಮಕ್ಕಳಿಗೆ ನುಡಿಸಲು ಕಲಿಸುವ ಹಾರ್ಮೋನಿಯಂ ಅಂಗಡಿಗೆ ತಂದರು. "ಸ್ವರ ಸರಿ ಐತಾ ನೀವೇ ನೋಡಿ. ನನ್ ಕಿವಿ ನಾನೇ ನಂಬಲ್ಲ."

ಲಕ್ಕಪ್ಪ ಹಾರ್ಮೋನಿಯಂ ಮುಟ್ಟಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು.

"ನಂಗ್ ಹೇಳಿ ಏನ್ ಬಂತು ಲಕ್ಕಪ್ಪನೋರೆ? ಚನ್ನಪ್ಪನೋರ್ ಮುಂದೆ ಹೇಳ್ಬನ್ನಿ."

ಲಕ್ಕಪ್ಪ ಶ್ಯಾಮಲಾ ಅವರನ್ನೂ ಕರೆದುಕೊಂಡು ಹೋಗಿ ಹೇಳಿದರು. ಚನ್ನಪ್ಪ ಶ್ಯಾಮಲಾ ಕಡೆ ತಿರುಗಿದರು. "ಬರೋ ವಾರ ಹಳೇಬೀಡಲ್ಲಿ ಪ್ರೋಗ್ರಾಂ ಐತೆ. ಬಂದ್ ಹಾಡ್ತೀರಾ?"

"ಹಾಡೋದ್ ಬಿಟ್ಟು ಆರು ವರ್ಷ ಆಯ್ತು," ಎಂದರು ಶ್ಯಾಮಲಾ. "ಈಗ ನಿಜವಾಗ್ಲೂ ಶ್ರುತಿ ನಿಲ್ಲಲ್ಲ."