ಮೋಡವಿಲ್ಲದ ದಿನದ ಮಳೆ

ನಮ್ಮ ಮನೆಯಲ್ಲಿ ಹೊಗೆಸೊಪ್ಪಿನ ಸಸಿಯನ್ನು ಯಾವತ್ತು ನೆಡಬೇಕು ಎಂದು ಹೇಳುವವರು ನಮ್ಮತ್ತೆ. ಮಾವನವರು ತೀರಿಕೊಂಡ ಮೇಲೆ ಆ ಕೆಲಸ ಅವರ ಮೇಲೆ ಬಿತ್ತು. ಯಾರೂ ಕೂತು ಮಾತಾಡಿ ಒಪ್ಪಿಸಿದ್ದಲ್ಲ. ಭರಣಿ ಮಳೆಯ ಕಾಲಕ್ಕೆ ಗಂಡಸರೆಲ್ಲ ಜಗಲಿಯಲ್ಲಿ ನಿಂತು ಅವರ ಮುಖ ನೋಡುತ್ತಿದ್ದರು, ಅವರು ಪಡುವಣದ ಆಕಾಶ ನೋಡುತ್ತಿದ್ದರು. ಅವರು ನಾಳೆ ಅಂದರೆ ನಾಳೆ. ಹದವಾಗಿ ಮಳೆ ಬಿದ್ದರೆ ಅದು ದೇವರ ದಯೆ. ನೆಟ್ಟ ಸಸಿ ಬಿಸಿಲಿಗೆ ಬಾಡಿದರೆ ಮಾತ್ರ ಎಲ್ಲರೂ ತಿರುಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು ಎಂದು ಅತ್ತೆ ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ನಮ್ಮೂರು ಪಿರಿಯಾಪಟ್ಟಣಕ್ಕೂ ಹುಣಸೂರಿಗೂ ನಡುವೆ ಇದೆ. ಪಟ್ಟಣದಲ್ಲಿ ಚರಂಡಿ ಉಕ್ಕಿ ಹರಿಯುವಂಥ ಮಳೆಯಾದ ಸಂಜೆ ನಮ್ಮ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ಇನ್ನೊಂದು ದಿನ ನಮ್ಮ ಕೆರೆಯ ಈಚೆಗೆ ಸುರಿದು ಆಚೆಗೆ ಒಂದು ಹನಿ ಬಿದ್ದಿರುವುದಿಲ್ಲ. ಟಿವಿಯಲ್ಲಿ ಮಾತ್ರ 'ಮೈಸೂರು ಜಿಲ್ಲೆಯ ಕೆಲವೆಡೆ ಮಳೆಯಾಗುವ ಸಂಭವ' ಎಂದು ನಗುನಗುತ್ತಾ ಓದುತ್ತಾರೆ. ಆ 'ಕೆಲವೆಡೆ' ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆಳುಗಳನ್ನು ಕರೆಯಬೇಕಾದ್ದು ಕೆಲವೆಡೆಗಲ್ಲ, ನಮ್ಮ ಹೊಲಕ್ಕೆ.

ಹೀಗಿರುವಾಗ ಮೈಸೂರಿನಿಂದ ಒಬ್ಬಳು ಹುಡುಗಿ ಬಂದಳು. ಹವಾಮಾನದ ಸಂಶೋಧನೆ ಮಾಡುವವಳು. ಬಸ್ಸಿಳಿದು, ಬೆನ್ನಿಗೊಂದು ಚೀಲ ಹಾಕಿಕೊಂಡು, ಮರದ ನೆರಳು ಬೀಳದ ಒಂದು ಮೂಲೆ ಜಾಗ ಕೊಡಿ, ಮಳೆ ಅಳೆಯುವ ಯಂತ್ರ ಇಡುತ್ತೇವೆ ಎಂದು ಮನೆಮನೆ ಸುತ್ತಿದಳು. ಊರಿನವರು ಒಬ್ಬರಾದ ಮೇಲೊಬ್ಬರು ಆಗುವುದಿಲ್ಲ ಎಂದು ಕೈಯಲ್ಲಾಡಿಸಿಬಿಟ್ಟರು. ಇವತ್ತು ಕಂಬ ನೆಟ್ಟವರು ನಾಳೆ ಜಮೀನೇ ನಮ್ಮದು ಅಂದರೆ ಏನು ಮಾಡುವುದು ಎಂಬ ಭಯ. ನನ್ನ ಗಂಡನಿಗೂ ಅದೇ ಅನುಮಾನ. ಅತ್ತೆ ಹುಡುಗಿಯನ್ನು ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಇದರಿಂದ ಏನಾಗುತ್ತದೆ ಎಂದು ಕೇಳಿದರು.

"ಅಜ್ಜಿ, ನಾಳೆ ಎಲ್ಲಿ ಮಳೆ ಬರುತ್ತೆ ಅಂತ ಸರಿಯಾಗಿ ಹೇಳಬೇಕಾದ್ರೆ, ಇವತ್ತು ಎಲ್ಲಿ ಎಷ್ಟು ಬಂತು ಅಂತ ಗೊತ್ತಿರಬೇಕು. ನಿಮ್ಮ ಸುತ್ತಮುತ್ತ ಅಳೆಯೋರೇ ಇಲ್ಲ. ನಾವು ಹೇಳಿದ್ದು ತಪ್ಪಾದ್ರೂ ತಪ್ಪು ಅಂತ ನಮಗೆ ಗೊತ್ತಾಗಲ್ಲ."

ಅತ್ತೆಗೆ ಆ ಕೊನೆಯ ಮಾತು ಬಹಳ ಹಿಡಿಸಿತು. ಬ್ಯಾರನ್ನಿನ ಹಿಂದೆ, ಸೊಪ್ಪು ಬೇಯಿಸುವ ಆ ಎತ್ತರದ ಗೂಡಿನಿಂದ ಸಾಕಷ್ಟು ದೂರದಲ್ಲಿ, ಬಯಲಿನ ಒಂದು ತುಂಡು ತೋರಿಸಿದರು. ಕೆಲವೇ ದಿನಗಳಲ್ಲಿ ಅಲ್ಲೊಂದು ತಂತಿಬೇಲಿ ಬಂತು, ಒಳಗೊಂದು ಕಂಬ, ಕಂಬಕ್ಕೆ ಸೋಲಾರ್ ಹಲಗೆ, ಪಕ್ಕದಲ್ಲಿ ಬಾಯಿ ತೆರೆದ ಬಿಳಿ ಡಬ್ಬಿ. ಮಳೆನೀರು ಆ ಡಬ್ಬಿಗೆ ಬಿದ್ದರೆ ಲೆಕ್ಕ ತಾನಾಗಿ ಮೈಸೂರಿಗೆ ಹೋಗುತ್ತಿತ್ತು. ಹೋಗುವಾಗ ಹುಡುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, ಯಾರೂ ಯಂತ್ರ ಮುಟ್ಟಬಾರದು.

ಇಂಥವು ಗುರುಪುರದ ಹತ್ತಿರ, ಭೇರ್ಯದ ಕಡೆ, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲೂ ಬಂದವು. ಸಂಜೆ ಹೊತ್ತು ಫೋನಿಗೆ ಸಂದೇಶ ಬರತೊಡಗಿತು. ಕೆಲವೆಡೆ ಅಲ್ಲ, ನಮ್ಮ ಹೋಬಳಿಯ ಹೆಸರು ಹಿಡಿದು. ಮೊದಮೊದಲು ತಪ್ಪಿದ್ದೇ ಹೆಚ್ಚು. ಆಮೇಲಾಮೇಲೆ ಊರಿನವರು ಶುಂಠಿಗೆ ಔಷಧಿ ಹೊಡೆಯುವ ಮೊದಲು ಫೋನು ನೋಡುವುದು ಶುರುವಾಯಿತು. ಮಳೆ ಕೈಕೊಟ್ಟರೆ ಬ್ಯಾರನ್ನಿನ ಹಿಂದಿನ ಕಂಬದ ಕಡೆ ಮುಖ ಮಾಡಿ ಬೈಯುತ್ತಿದ್ದರು. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಅವರು ಕೂತದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಎಂದಿನಂತೆ ನೇಗಿಲು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಕ್ಯಾನು, ನನ್ನ ಗಂಡನ ಬೈಕು ಎಲ್ಲವನ್ನೂ ತೊಳೆದು ಕುಂಕುಮ ಇಟ್ಟೆವು. ನಾನು ಒಳಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಅತ್ತೆ ಬಿಂದಿಗೆ ಎತ್ತಿಕೊಂಡು ಬ್ಯಾರನ್ನಿನ ಹಿಂದೆ ಹೋಗಿದ್ದು ಕಿಟಕಿಯಿಂದ ಕಂಡಿತು. ಬರುವಾಗ ಸೀರೆಯ ಸೆರಗು ಒದ್ದೆಯಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಡಿದರೆ ಕಂಬಕ್ಕೆ ಚೆಂಡುಹೂವಿನ ಹಾರ, ಬಿಳಿ ಡಬ್ಬಿಗೆ ಮೂರು ಬೆರಳ ವಿಭೂತಿ. ಮನೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆಯಾಗಿ ಅದೊಂದಕ್ಕೆ ಆಗದಿದ್ದರೆ ಹೇಗೆ? ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹುಡುಗಿಯ ಫೋನು ಬಂತು. ಎತ್ತಿದವರು ನನ್ನ ಗಂಡ. ಹಬ್ಬದ ದಿನ ಮಳೆ ಬಂತಾ ಎಂದು ಕೇಳಿದಳಂತೆ. ಒಂದು ಹನಿಯೂ ಇಲ್ಲ ಅಂದರು. ಯಂತ್ರವನ್ನು ಯಾರಾದರೂ ಮುಟ್ಟಿದರಾ ಎಂದು ಕೇಳಿದಳಂತೆ. "ಏ, ನಾವ್ಯಾಕೆ ಮುಟ್ಟಾನವ್ವ?" ಅಂದುಬಿಟ್ಟರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಮುಟ್ಟುವುದು ಎಂದರೆ ಮೊಳೆ ಬಿಚ್ಚುವುದು, ತಂತಿ ಎಳೆಯುವುದು. ಪೂಜೆ ಮಾಡುವುದನ್ನು ನಮ್ಮ ಕಡೆ ಯಾರೂ ಮುಟ್ಟುವುದು ಅನ್ನುವುದಿಲ್ಲ.

ಅದಾದ ಮೇಲೆ ಅವಳೇ ಬಂದಳು. ಅಷ್ಟರಲ್ಲಿ ಕಂಬದ ಹಾರ ಒಣಗಿ ಉದುರಿತ್ತು, ಡಬ್ಬಿಯ ವಿಭೂತಿ ಮಳೆಗೆ ತೊಳೆದುಹೋಗಿತ್ತು. ಮುಖ ಸಣ್ಣಗಾಗಿತ್ತು. ಈ ಸಂಶೋಧನೆಗೆ ಬರುವ ಹಣ ಒಂದೇ ಸಲಕ್ಕೆ ಬರುವುದಲ್ಲ, ಇಷ್ಟು ವರ್ಷಕ್ಕೆ ಎಂದು ಕೊಡುತ್ತಾರೆ, ಮುಗಿದ ಮೇಲೆ ಸಮಿತಿಯವರು ನೋಡಿ ಒಪ್ಪಿದರೆ ಮುಂದುವರಿಯುತ್ತದೆ ಎಂದು ಹೇಳಿದಳು. ಈ ಸಲ ಸಮಿತಿ ಒಂದು ವಿಚಿತ್ರ ಕಂಡುಹಿಡಿದಿತ್ತು. ಆಯುಧಪೂಜೆಯ ದಿನ ನಾಲ್ಕು ತಾಲ್ಲೂಕಿನ ಎಷ್ಟೋ ಯಂತ್ರಗಳು ಮಳೆ ತೋರಿಸಿದ್ದವು, ಒಂದೊಂದು ಒಂದೊಂದು ಥರ. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಅವತ್ತು ಮೋಡವೇ ಇಲ್ಲ. ಹಾಗಾದರೆ ಯಂತ್ರಗಳೇ ಕೆಟ್ಟವು, ಕೆಟ್ಟ ಯಂತ್ರ ನಂಬಿ ಇನ್ನೂ ಹಣ ಸುರಿಯುವುದು ಹೇಗೆ ಎಂದು ಅವರ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚು ಮಳೆ ತೋರಿಸಿದ ಯಂತ್ರವನ್ನು ಕಣ್ಣಾರೆ ನೋಡಲು ಅವರೇ ಬರುತ್ತಿದ್ದರು. ಅದು ನಮ್ಮದು.

"ಒಪ್ಪದಿದ್ರೆ?" ಎಂದು ಅತ್ತೆ ಕೇಳಿದರು.

"ಎಲ್ಲಾ ಕಿತ್ಕೊಂಡು ಹೋಗ್ತೀವಿ ಅಜ್ಜಿ. ಮೆಸೇಜೂ ನಿಲ್ಲುತ್ತೆ. ನಾನು ಬೇರೆ ಕೆಲಸ ನೋಡ್ಕೋಬೇಕು."

ಅವಳು ಬಸ್ಸಿಗೆ ಹೋದ ಮೇಲೆ ಅತ್ತೆ ಒಲೆಯ ಮುಂದೆ ಕೂತು ಮೆಲ್ಲಗೆ, "ಅದ ಕಿತ್ರೆ ಮತ್ತೆ ಎಲ್ಲಾರೂ ನನ್ನ ಮಕಾನೇ ನೋಡ್ತರೆ ಕಣವ್ವ" ಅಂದರು.

ಹಬ್ಬದ ದಿನ ಅತ್ತೆ ಬಿಂದಿಗೆ ಎತ್ತಿಕೊಂಡು ಹೋದದ್ದನ್ನು ಹುಡುಗಿಗೆ ಹೇಳಿಬಿಡೋಣ ಎಂದೆ. ನನ್ನ ಗಂಡ ರೇಗಿದರು. ಯಂತ್ರ ಕೆಡಿಸಿದಿರಿ, ದಂಡ ಕಟ್ಟಿ ಅಂದರೆ? ಆಮೇಲೆ ಯಂತ್ರವಿದ್ದ ಬೇರೆ ಊರಿನವರಿಗೂ ಫೋನು ಮಾಡಿ ವಿಚಾರಿಸಿದರು. ಎಲ್ಲರ ಬಾಯಿಗೂ ಅದೇ ಬೀಗ. ತೊಳೆಯದವರು ಒಬ್ಬರೂ ಇರಲಿಲ್ಲ, ತೊಳೆದೆವು ಎಂದು ಮೈಸೂರಿನವರ ಮುಂದೆ ಹೇಳುವವರೂ ಒಬ್ಬರಿರಲಿಲ್ಲ. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ರಾಗಿ ಕೇರುತ್ತಿದ್ದರು.

ಸಮಿತಿಯವರು ಜೀಪಿನಲ್ಲಿ ಬಂದರು. ಅವರಲ್ಲಿ ಹಿರಿಯರೊಬ್ಬರು ಟೋಪಿ ಹಾಕಿದ್ದರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಉಳಿದವರು ಬೇಲಿಯೊಳಗೆ ಬಗ್ಗಿ ಡಬ್ಬಿ ಬಿಚ್ಚಿ ನೋಡಿದರು, ಏನೂ ಕೆಟ್ಟಿಲ್ಲ ಅಂದರು, ಅದು ಇನ್ನೂ ದೊಡ್ಡ ತಲೆನೋವು ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಹುಡುಗಿ ಪಾಪ, ಲ್ಯಾಪ್‌ಟಾಪ್ ಎದೆಗವಚಿಕೊಂಡು ನಿಂತಿದ್ದಳು. ಅತ್ತೆ ಎಳನೀರು ಕೊಡುತ್ತಾ ಬಂದವರು ಹಿರಿಯರ ಮುಂದೆ ನಿಂತರು.

"ಸ್ವಾಮಿ, ಅದು ಕೆಟ್ಟಿಲ್ಲ. ಅವತ್ತು ಪೂಜೆಗೆ ನಾನೇ ನೀರುಯ್ದು ತೊಳ್ದೆ. ಆ ಮಗೀನ ಬೈಬ್ಯಾಡಿ, ಅವಳಿಗೆ ಗೊತ್ತಿಲ್ಲ."

ನನ್ನ ಗಂಡ ತಲೆ ಮೇಲೆ ಕೈ ಇಟ್ಟುಕೊಂಡರು. ಹುಡುಗಿ ಬಾಯಿ ಬಿಟ್ಟುಕೊಂಡು ಅತ್ತೆಯನ್ನೇ ನೋಡಿದಳು. ಹಿರಿಯರು ಎಳನೀರನ್ನು ಜೀಪಿನ ಮೇಲಿಟ್ಟು, "ಹೇಗೆ ಹಾಕಿದ್ರಿ ಅಮ್ಮಾ? ಅವತ್ತಿನ ಥರಾನೇ ಇನ್ನೊಂದು ಸಲ ಹಾಕಿ ನೋಡೋಣ" ಅಂದರು.

ಅತ್ತೆ ಒಳಗೆ ಬಂದು ಅದೇ ಹಿತ್ತಾಳೆ ಬಿಂದಿಗೆ ತುಂಬಿಕೊಂಡು ಹೋದರು. ಮೊದಲು ಕಂಬದ ಬುಡಕ್ಕೆ, ಆಮೇಲೆ ಹಲಗೆಗೆ, ಆಮೇಲೆ ಡಬ್ಬಿಯ ಮೇಲೆ, ದೇವರಿಗೆ ಅಭಿಷೇಕ ಮಾಡುವಷ್ಟೇ ನಿಧಾನವಾಗಿ ಹೊಯ್ದರು. ಹೊರಗೆ ಚೆಲ್ಲಿದ್ದೇ ಹೆಚ್ಚು. ಇನ್ನೊಂದು ಬಿಂದಿಗೆ ತಂದು ಅದನ್ನೂ ಹೊಯ್ದರು. ಹುಡುಗಿ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು. ಪರದೆಯ ಮೇಲೆ ಹಬ್ಬದ ದಿನದ ಗೆರೆಯ ಪಕ್ಕದಲ್ಲಿ ಇವತ್ತಿನ ಗೆರೆ ಏಳುತ್ತಿತ್ತು. ನನಗೆ ಅದೇನೂ ಓದಲು ಬರುವುದಿಲ್ಲ, ಆದರೂ ಎರಡೂ ಒಂದೇ ಥರ ಇವೆ ಎಂದು ನನಗೂ ಕಾಣಿಸಿತು.

ಹಿರಿಯರು ಅಲ್ಲಿಂದಲೇ ಗುರುಪುರದವರಿಗೆ ಫೋನು ಮಾಡಿಸಿದರು. ಇಲ್ಲಿ ಒಬ್ಬರು ಒಪ್ಪಿಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಅಲ್ಲಿಯವರಿಗೂ ಧೈರ್ಯ ಬಂತು. ಭೇರ್ಯದವರು ಪೈಪು ಹಿಡಿದು ತೊಳೆದಿದ್ದರಂತೆ. ಕೋಟೆಯ ಕಡೆಯವರು ಬೂದುಗುಂಬಳಕಾಯಿಯನ್ನೂ ಒಡೆದಿದ್ದರು. ಹಿರಿಯರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾಗಾದ್ರೆ ಇವು ಒಂದು ಬಿಂದಿಗೆ ನೀರನ್ನೂ ಬಿಡದೆ ಲೆಕ್ಕ ಇಟ್ಟಿವೆ" ಅಂದರು.

"ನಂದೇ ಎಚ್ಚಾ?" ಎಂದು ಅತ್ತೆ ಹುಡುಗಿಯನ್ನು ಗುಟ್ಟಾಗಿ ಕೇಳಿದರು. ಹೌದು ಅಂದಾಗ ಅವರಿಗೆ ಒಳಗೊಳಗೇ ಖುಷಿಯಾದದ್ದು ನನಗೆ ಗೊತ್ತಾಯಿತು.

ಹಣ ಮುಂದುವರಿಯಿತು. ಅದು ಗೊತ್ತಾದ ದಿನ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಇನ್ನು ಮೇಲೆ ಹಬ್ಬದ ಹಿಂದಿನ ಸಂಜೆ, ಪೂಜೆಯನ್ನು ಬೇಲಿಗೆ ಮಾಡಿ, ನೀರು ಹಾಕಬೇಡಿ ಎಂದು ಎಲ್ಲರಿಗೂ ಸಂದೇಶ ಕಳಿಸುತ್ತಾರಂತೆ. ಮಳೆಗೆ ನಾವು ದುಡ್ಡು ಕೊಡಬೇಕಾಗಿಲ್ಲ, ಮಳೆ ಯಾವಾಗ ಬರುತ್ತದೆ ಎಂದು ತಿಳಿಯುವುದಕ್ಕೆ ಯಾರೋ ಎಲ್ಲೋ ವರ್ಷಗಟ್ಟಲೆ ಕೊಡುತ್ತಿರಬೇಕು ಎನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಈ ವರ್ಷ ಭರಣಿಯ ಹೊತ್ತಿಗೆ ಸಂದೇಶ ಬಂತು, ನಾಳೆ ಮಧ್ಯಾಹ್ನದ ಮೇಲೆ ಮಳೆ. ನಂಬಿ ಆಳು ಕರೆದು ಸಸಿ ನೆಟ್ಟೆವು. ಮಧ್ಯಾಹ್ನ ಮೋಡ ಕಟ್ಟಿತು, ಗಾಳಿ ಎದ್ದಿತು, ಎಲ್ಲವೂ ಪಟ್ಟಣದ ಕಡೆಗೆ ಹೊರಟುಹೋಯಿತು. ಮರುದಿನ ಬೆಳಿಗ್ಗೆ ಸಸಿಗಳು ತಲೆ ಬಾಗಿಸಿ ನಿಂತಿದ್ದವು. ನನ್ನ ಗಂಡ ಹೊಲದ ಬದುವಿನಲ್ಲಿ ನಿಂತು ಕಂಬವನ್ನು ಬಾಯಿಗೆ ಬಂದಂತೆ ಬೈದರು. ಕಿತ್ತು ಕೆರೆಗೆ ಎಸೆಯಬೇಕು ಅಂದರು. ಬೈದು ಮುಗಿದ ಮೇಲೆ, ಹಳೆಯ ಅಭ್ಯಾಸ, ಅತ್ತೆಯ ಕಡೆ ತಿರುಗಿದರು. ಆಳುಗಳೂ ತಿರುಗಿದರು. ನನ್ನ ಕಣ್ಣೂ ಅತ್ತ ಹೋಯಿತು.

ಅತ್ತೆ ಈ ಸಲ ಆಕಾಶ ನೋಡಲಿಲ್ಲ, ನೇರವಾಗಿ ನಮ್ಮನ್ನೇ ನೋಡಿದರು.

"ಅದು ಇನ್ನೂ ಕಲೀತಾ ಅದೆ ಕಣ್ಲಾ. ನಾನೂ ತಪ್ ಮಾಡ್ಕಂಡು ಮಾಡ್ಕಂಡೇ ಕಲ್ತಿದ್ದು. ಅದ್ಕಾದ್ರೂ ವಸಿ ಟೈಮ್ ಕೊಡಿ. ನಂಗಂತೂ ನೀವ್ಯಾರೂ ಕೊಡ್ನಿಲ್ಲ."

ನನ್ನ ಗಂಡ ಬಗ್ಗಿ ಬದುವಿನ ಮೇಲಿದ್ದ ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ಹೊರಟರು. ಹಿಂದೆಯೇ ನಾನು ಹೋದೆ. ಆ ಬೆಳಿಗ್ಗೆಯೆಲ್ಲ ನಾವು ನೆಲ ನೋಡಿಕೊಂಡೇ ಒಂದೊಂದು ಸಸಿಗೂ ನೀರು ಹಾಕಿದೆವು.