ತೂತು ಬಿದ್ದ ಗೂಡು

ಮದುವೆಯಾದ ವರ್ಷ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಪೂಜೆಗೆ ಶಿಡ್ಲಘಟ್ಟದ ಚರ್ಚಿಗೆ ಹೋಗಿದ್ದೆವು. ಕರಾವಳಿಯಿಂದ ಹೊಸದಾಗಿ ಬಂದಿದ್ದ ಫಾದರ್ ಪ್ರಬೋಧನೆಯಲ್ಲಿ ಭಾವುಕರಾಗಿ, "ಗೂಡನ್ನು ಸೀಳಿಕೊಂಡು ಚಿಟ್ಟೆ ಹೊರಬರುವ ಹಾಗೆ ನಮ್ಮ ಪ್ರಭು ಸಮಾಧಿಯಿಂದ ಎದ್ದು ಬಂದರು" ಎಂದರು. ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದಲ್ಲಿದ್ದ ನನ್ನ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಫಾದರ್‌ಗೆ ಏನೂ ಅರ್ಥವಾಗಲಿಲ್ಲ. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಬೆಳೆದ ನನಗೂ ಆಗಲಿಲ್ಲ. ಆಚೆ ಬಂದ ಮೇಲೆ ಅತ್ತೆಯೇ ಹೇಳಿದರು.

"ಚಿಟ್ಟೆ ಆಚೆ ಬಂದ್ರೆ ಗೂಡು ತೂತು ಬೀಳುತ್ತೆ ಕಣಮ್ಮ. ನೂಲೆಲ್ಲಾ ತುಂಡು ತುಂಡು. ಮಾರ್ಕೆಟ್ಟಲ್ಲಿ ಅದನ್ನ ಯಾರೂ ಮೂಸಿ ನೋಡಲ್ಲ."

ಚಿಟ್ಟೆ ಏಳುವ ಮೊದಲೇ ಗೂಡನ್ನು ಬಿಸಿನೀರಿಗೆ ಹಾಕಿ ರೇಷ್ಮೆ ನೂಲು ತೆಗೆಯುವ ಊರಿನಲ್ಲಿ ನಿಂತು ಆ ಪುಣ್ಯಾತ್ಮರು ಚಿಟ್ಟೆಯನ್ನು ಹೊಗಳಿದ್ದರು! ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದೇ ಕೊನೆ. ಆಮೇಲೆ ನನಗೆ ಪಾಸ್ಕದ ಪೂಜೆ ಸಿಕ್ಕಿಲ್ಲ.

ನಮ್ಮ ಮನೆ ಇರುವುದು ದಿಬ್ಬೂರಹಳ್ಳಿಯ ಹತ್ತಿರ. ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಹುಳುಮನೆ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ. ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಭಕ್ತರ ಪಾದ ತೊಳೆಯುವ ಹೊತ್ತಿಗೆ ನಾನು ಇಲ್ಲಿ ನನ್ನ ಪಾದವನ್ನು ನಾನೇ ತೊಳೆದುಕೊಳ್ಳುತ್ತಿರುತ್ತೇನೆ. ಒಳಗೆ ಊದುಬತ್ತಿಯಿಲ್ಲ, ಒಗ್ಗರಣೆಯ ವಾಸನೆ ಸುಳಿಯುವಂತಿಲ್ಲ. ಒಮ್ಮೆ ಮನೆಯನ್ನು ಆಶೀರ್ವದಿಸಲು ಬಂದ ಫಾದರ್ ಅವರನ್ನೇ ಅತ್ತೆ ಗೇಟಿನಲ್ಲಿ ತಡೆದರು. "ಧೂಪ ಬ್ಯಾಡಿ ಫಾದರ್, ಹುಳ ನಾಲ್ಕನೇ ಜ್ವರದಲ್ಲಿ ಅವೆ."

ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗದೆ ಕೂತಿರುತ್ತದೆ. ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ನಮಗಿಂತ ನೆಟ್ಟಗೆ ಉಪವಾಸ ಮಾಡುವುದು ಇವೇ ಎಂದು ಅತ್ತೆ ತಮಾಷೆ ಮಾಡುತ್ತಾರೆ. ಕೊನೆಯ ಜ್ವರ ಬಿಟ್ಟಿತೆಂದರೆ ಹಗಲೂ ರಾತ್ರಿ ಮೇಯುತ್ತವೆ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಯಾರಾದರೂ ಇರಲೇಬೇಕು, ಆ ಯಾರಾದರೂ ನಾನೇ.

ಅತ್ತೆ ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕೆಟ್ಟವರಲ್ಲ, ಅದೇ ಕಷ್ಟ. ನನಗೆ ಮೊದಲು ಬಡಿಸಿ ಆಮೇಲೆ ಉಣ್ಣುವ ಹೆಂಗಸು. ಆದರೆ ನಾನು ಏನೇ ಕೇಳಲಿ, ಅವರದು ಒಂದೇ ಉತ್ತರ: "ದೇವರಿಗೆ ಒಪ್ಪಿಸಿಬಿಡಮ್ಮ." ಸೊಂಟ ನೋವೆಂದರೂ ಒಪ್ಪಿಸಬೇಕು, ಅಣ್ಣನ ಮಗುವಿನ ಜ್ಞಾನಸ್ನಾನಕ್ಕೆ ಹೋಗಲಾಗದಿದ್ದರೂ ಒಪ್ಪಿಸಬೇಕು. ದೇವರನ್ನೇ ನಡುವೆ ತಂದು ನಿಲ್ಲಿಸಿದರೆ ಯಾರ ಜೊತೆ ಜಗಳವಾಡುವುದು? ನಾನು ಒಪ್ಪಿಸಿದ್ದನ್ನೆಲ್ಲಾ ಇಟ್ಟುಕೊಳ್ಳಲು ಸ್ವರ್ಗದಲ್ಲಿ ಒಂದು ಗೋಡೌನ್ ಕಟ್ಟಿಸಿರಬೇಕು.

ಈ ವರ್ಷ ಚಿಕ್ಕಬಳ್ಳಾಪುರದ ಚರ್ಚಿನ ಗಾನವೃಂದದವರು ಫೋನ್ ಮಾಡಿ, ಪಾಸ್ಕದ ಬೆಳಗಿನ ಪೂಜೆಯಲ್ಲಿ ಅಲ್ಲೆಲೂಯ ಎಂಬ ಸ್ತುತಿಪದವನ್ನು ನೀನೇ ಎತ್ತಿಕೊಡಬೇಕು ಎಂದರು. ಮದುವೆಗೆ ಮುಂಚೆ ಅದು ನನ್ನದೇ ಜಾಗ. ತಪಸ್ಸುಕಾಲ ಮುಗಿಯುವವರೆಗೂ ಚರ್ಚಿನಲ್ಲಿ ಆ ಪದ ಹಾಡುವುದಿಲ್ಲ. ಹಬ್ಬಕ್ಕೆ ಅದು ಮರಳಿ ಬಂದಾಗ ಇಡೀ ಚರ್ಚು ಎದ್ದು ನಿಲ್ಲುತ್ತದೆ. "ಹುಳ ಅಷ್ಟರೊಳಗೇ ಹಣ್ಣಾಗಿರುತ್ತೆ, ಹೋಗಣ ಬಿಡು" ಎಂದು ನನ್ನ ಗಂಡ ಮಾತು ಕೊಟ್ಟರು. ಸೊಪ್ಪು ಹಾಸುತ್ತಾ ಬಾಯೊಳಗೇ ಅಭ್ಯಾಸ ಮಾಡಿದೆ. ಅಷ್ಟು ಖುಷಿಯಾಗಿ ನಾನು ಆ ಹುಳುಮನೆಗೆ ಯಾವತ್ತೂ ಹೋಗಿರಲಿಲ್ಲ.

ಆದರೆ ಈ ಸಲ ಚಾಕಿ, ಅಂದರೆ ಮರಿಹುಳು, ತಡವಾಗಿ ಬಂತು. ಹುಳು ಹಣ್ಣಾಗಿದ್ದು ಸರಿಯಾಗಿ ಹಬ್ಬದ ಬೆಳಗ್ಗೆ. ಹಣ್ಣಾದ ಹುಳು ಮೈ ಹಳದಿ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತದೆ; ಆ ಗಳಿಗೆಯೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ನಾನು ಇಸ್ತ್ರಿ ಮಾಡಿಟ್ಟ ಸೀರೆ ಒಳಗೆ ಹಾಗೇ ಇತ್ತು. ಕಿಟಕಿಯಲ್ಲಿ ಫೋನ್ ಬಡಿದುಕೊಂಡಿತು. ನನ್ನ ಬೊಗಸೆಯ ತುಂಬ ಹುಳು.

"ಆಗಲ್ಲ ಅಂತ ಹೇಳ್ಬಿಡು. ಯಾರೋ ಒಬ್ರು ಹಾಡ್ತಾರೆ ಬಿಡೇ" ಎಂದರು ನನ್ನ ಗಂಡ.

ಯಾರೋ ಒಬ್ಬರು! ಹುಳುವನ್ನು ಯಾರೋ ಒಬ್ಬರು ಆರಿಸುತ್ತಾರೆ ಎಂದು ಈ ಮನೆಯಲ್ಲಿ ಒಂದು ದಿನವೂ ಯಾರೂ ಹೇಳಿದ್ದಿಲ್ಲ. ನನಗೆ ಅಳು ಉಕ್ಕಿ ಬಂತು. ಅತ್ತೆ ನೋಡಿದರು. "ದೇವರಿಗೆ ಒಪ್ಪಿಸಿಬಿಡಮ್ಮ."

"ಇದನ್ನ ಒಪ್ಪಿಸಲ್ಲ ಅತ್ತೆ. ಇದು ನಂದು."

ಅವರು ಹುಳು ಆರಿಸುವುದನ್ನು ಮುಂದುವರಿಸಿದರು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ತುಂಬುವ ದಿನ ನಾನು ಒಂದನ್ನು ಎತ್ತಿಕೊಂಡು ಪ್ರಾರ್ಥನೆಯ ಪೀಠದಲ್ಲಿ ಮಾತೆ ಮರಿಯಮ್ಮನ ಪಟದ ಹಿಂದೆ ಇಟ್ಟೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಈ ಮನೆಯಿಂದ ಒಂದಾದರೂ ಆಚೆ ಬರಲಿ, ಆ ಫಾದರ್ ಮಾತು ಒಂದು ಸಲವಾದರೂ ನಿಜವಾಗಲಿ ಅನ್ನಿಸಿತ್ತು.

ಕೆಲವು ದಿನ ಕಳೆದು ಬೆಳಗ್ಗೆ ಜಪಸರ ತೆಗೆದುಕೊಳ್ಳಲು ಹೋದಾಗ ಪೀಠದ ಬಟ್ಟೆಯ ಮೇಲೆ ಕಂದು ಕಲೆ. ಅದರ ಪಕ್ಕ ಬೆಳ್ಳಗಿನ ದಪ್ಪ ಚಿಟ್ಟೆಯೊಂದು ಪಟಪಟ ರೆಕ್ಕೆ ಬಡಿಯುತ್ತಿತ್ತು. ನನಗೆ ಎದೆ ತುಂಬಿ ಬಂತು. ಬೆರಳಿಗೆ ಹತ್ತಿಸಿಕೊಂಡು ಕಿಟಕಿಯ ಬಳಿ ಒಯ್ದು ಮೇಲಕ್ಕೆ ತೂರಿದೆ. ದೊಪ್ಪನೆ ಕೆಳಗೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ರೆಕ್ಕೆ ಮಾತ್ರ ನಿಲ್ಲಲಿಲ್ಲ.

"ಅದು ಹಾರಲ್ಲ ಕಣಮ್ಮ." ಹಿಂದೆ ಅತ್ತೆ ನಿಂತಿದ್ದರು. "ರೇಷ್ಮೆ ಚಿಟ್ಟೆಗೆ ರೆಕ್ಕೆ ಐತೆ, ಹಾರಕ್ಕೆ ಬರಲ್ಲ. ಎಲ್ಲಿ ಎದ್ದಿತೋ ಅಲ್ಲೇ ಬಡ್ಕೊಂಡು ಬಡ್ಕೊಂಡು ಸತ್ತೋಗುತ್ತೆ."

ಪೀಠದ ಬಟ್ಟೆ ಹಾಳು ಮಾಡಿದ್ದಕ್ಕೆ ಬೈಗುಳ ಕಾದಿದ್ದೆ. ಬೈಯಲಿಲ್ಲ. ಈ ಮನೆಯಲ್ಲಿ ಚಿಟ್ಟೆ ಆಗುವವರೆಗೆ ಯಾವ ಗೂಡನ್ನೂ ಬಿಟ್ಟಿಲ್ಲವಲ್ಲ, ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

ಅತ್ತೆ ಕಲೆಯಾದ ಬಟ್ಟೆಯನ್ನು ನಿಧಾನವಾಗಿ ಮಡಚಿದರು. "ನಾನೂ ಒಂದು ಇಟ್ಟಿದ್ದೆ ಕಣಮ್ಮ. ಇದೇ ಪಟದ ಹಿಂದೆ."

ಅದು ಯಾವ ವರ್ಷ ಎಂದು ಕೇಳಬೇಕೆನ್ನಿಸಿತು. ಅಂದಿನಿಂದ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಭಯವಾಗಿ ಕೇಳಲಿಲ್ಲ. ಒಪ್ಪಿಸಿಬಿಡು ಎಂದು ಅವರು ಹೇಳಬಹುದೆಂದು ಕಾದೆ, ಅದನ್ನೂ ಹೇಳಲಿಲ್ಲ.

"ಬುಧವಾರ ಚಾಕಿ ಬರುತ್ತೆ, ಹುಳುಮನೆ ತೊಳೀಬೇಕು" ಎಂದು ಹೇಳಿ, ಬಕೆಟ್ ಎತ್ತಿಕೊಂಡು ಅವರು ಮುಂದೆ ಹೋದರು. ಪೊರಕೆ ಹಿಡಿದು ನಾನು ಹಿಂದೆ ಹೋದೆ.