ಎಡಗಡೆ ಸ್ಟೀರಿಂಗಿನ ಜೀಪು

ಹಾವೇರಿ ಹೆದ್ದಾರಿಯ ಡಾಬಾದೆದುರು ಇಂದು ಲಾರಿಯೊಂದರ ಮೇಲೆ ರೇಸಿನ ರ‍್ಯಾಲಿ ಕಾರು ನಿಂತಿತ್ತು. ಅದರ ಸ್ಟೀರಿಂಗ್ ಎಡಕ್ಕಿತ್ತು, ನಮ್ಮಜ್ಜನ ಹಳೆಯ ಮಿಲಿಟರಿ ಜೀಪಿನಂತೆ.

ಆ ಜೀಪಿನಲ್ಲಿ ಎಡಕ್ಕೆ ಕುಳಿತ ಅಜ್ಜನಿಗೆ ಮುಂದಿನ ವಾಹನದಾಚೆಯ ರಸ್ತೆ ಕಾಣುತ್ತಿರಲಿಲ್ಲ. ಬಲಕ್ಕೆ ಕುಳಿತ ನಾನೇ ಇಣುಕಿ ಹೇಳಬೇಕಿತ್ತು. ಶಾಲೆಯಲ್ಲಿ ಎಲ್ಲ ಪ್ರಶ್ನೆಗೂ ಕೈಯೆತ್ತುತ್ತಿದ್ದ ನನಗೆ ಅದು ಹೆಮ್ಮೆಯ ಹುದ್ದೆ.

ಒಮ್ಮೆ ಬ್ಯಾಡಗಿಯ ದಾರಿಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಲಾರಿ ನಮ್ಮ ಮುಂದಿತ್ತು. ಅದರ ಘಾಟಿಗೆ ನನ್ನ ಕಣ್ಣುಗಳು ಉರಿದು ಮುಚ್ಚಿಕೊಂಡವು.

"ಶ್ಯಾಣ್ಯಾಕಿ, ರಸ್ತೆ ಖಾಲಿ ಐತೇನು? ಲಗೂ ಹೇಳು."

"ಖಾಲಿ ಐತಿ, ಹೋಗ್ರಿ ಅಜ್ಜಾ!"

ಜೀಪು ಬಲಕ್ಕೆ ಹೊರಳಿತು. ಎದುರಿನಿಂದ ಬಸ್ಸಿನ ಹಾರ್ನ್ ಮೊಳಗಿತು. ಅಜ್ಜ ಬ್ರೇಕ್ ತುಳಿದು ಮತ್ತೆ ಲಾರಿಯ ಹಿಂದಕ್ಕೆ ತಿರುಗಿಸಿದರು. ಬಸ್ಸು ನನ್ನ ಮೊಣಕೈ ಪಕ್ಕದಲ್ಲೇ ಹಾದುಹೋಯಿತು.

ಅಜ್ಜ ರಸ್ತೆ ಬದಿಗೆ ಜೀಪು ನಿಲ್ಲಿಸಿದರು. ಟವೆಲ್ ನೆನೆಸಿ ನನ್ನ ಕಣ್ಣೊರೆಸಿದರು. "ಕಾಣವಲ್ದು ಅಂದಿದ್ರ ಏನಾಗ್ತಿತ್ತವ್ವಾ? ಲಾರಿ ಹಿಂದನ ಹೋಗ್ತಿದ್ವಿ, ಅಷ್ಟ."

ಇಂದು ತಂಗಿ ಕಾರು ನೋಡಿ ಕೆಣಕಿದಳು: "ಸ್ಟೀರಿಂಗ್ ಎಡಕ್ಕ ಯಾಕೈತಿ? ಹೇಳಕ್ಕಾ, ನೀ ಕ್ಲಾಸಿಗೆ ಫಸ್ಟ್ ಬರ್ತಿದ್ದಿ ಅಲ್ಲ?"

"ರಸ್ತೆಯ ಬಲಕ್ಕ ಗಾಡಿ ಓಡಿಸೋ ದೇಶದಾಗ ಮಾಡಿದ್ದಿರಬೇಕು. ಅದಕ್ಕಿಂತ ಹೆಚ್ಚಿಗಿ ನನಗ ಗೊತ್ತಿಲ್ಲ," ಎಂದೆ.

'ಗೊತ್ತಿಲ್ಲ' ಎನ್ನುವಾಗ ಈಗಲೂ ನನ್ನ ಕಣ್ಣು ತುಸು ಉರಿಯುತ್ತದೆ.